ನೆಟ್‌ವರ್ಕ್ ಕಡತದ ಮಿಂಚಿನ ಗೆರೆಗಳನ್ನು ಓದುವುದು ಹೇಗೆ

ಇಪ್ಪತ್ತಾರು ವರ್ಷ ಸೈನ್ಯದಲ್ಲಿ ಸಿಗ್ನಲ್ ಕೆಲಸ ಮಾಡಿದವನು ನಾನು. ಮೊದಲು ಕೇಬಲ್ ಎಳೆದೆ. ಆಮೇಲೆ ರೇಡಿಯೋ ಸೆಟ್ ಮುಂದೆ ಕೂತೆ. ಕೊನೆಯ ಎಂಟು ವರ್ಷ ಸರ್ವರ್ ಫ್ಯಾನುಗಳ ಸದ್ದಿನಲ್ಲೇ ಕಳೆಯಿತು. ಈಗ ನಿವೃತ್ತಿ. ಆದರೂ ಸೈನ್ಯದ ಹೊಸ ನೆಟ್‌ವರ್ಕ್ ಯೋಜನೆಗಳನ್ನು ಪರಿಶೀಲಿಸುವ ಸಮಿತಿಗಳಿಗೆ ಕರೆ ಬರುತ್ತಿರುತ್ತದೆ. ಮೂಲೆಯ ಕುರ್ಚಿ ನನ್ನದು.

ಈ ಕಡತಗಳಲ್ಲಿ ಮೂರನೆಯದೋ ನಾಲ್ಕನೆಯದೋ ಪುಟಕ್ಕೆ ಬಂದರೆ ಅದೇ ಚಿತ್ರ. ಮೇಲೆ ಉಪಗ್ರಹ. ಅದರ ಕೆಳಗೆ ವಿಮಾನ, ಡ್ರೋನ್. ನೆಲದ ಮೇಲೆ ಟ್ಯಾಂಕ್, ಬದಿಗೆ ಒಂದು ಹಡಗು, ಮೂಲೆಯಲ್ಲಿ ಬೆನ್ನಿಗೆ ಸೆಟ್ ಕಟ್ಟಿಕೊಂಡ ಸೈನಿಕ. ಎಲ್ಲವನ್ನೂ ಸೇರಿಸುವ ಹಳದಿ ಮಿಂಚಿನ ಗೆರೆಗಳು. ಆ ಗೆರೆಗಳು ಎಲ್ಲೂ ತುಂಡಾಗಿರುವುದಿಲ್ಲ. ಉಪಗ್ರಹದ ಗೆರೆಗೂ ಸೈನಿಕನ ಬೆನ್ನಿನ ಸೆಟ್‌ನ ಗೆರೆಗೂ ಒಂದೇ ದಪ್ಪ! ನಾನು ಕೆಂಪು ಪೆನ್ಸಿಲ್ ತೆಗೆಯುವುದು ಆ ಪುಟದಲ್ಲೇ.

ಇಂಥ ಕಡತ ನಿಮ್ಮ ಮೇಜಿಗೂ ಬರಬಹುದು. ನೀವು ಅಧಿಕಾರಿ ಇರಬಹುದು, ಲೆಕ್ಕ ನೋಡುವವರು ಇರಬಹುದು, ಸುಮ್ನೆ ಆಸಕ್ತಿಯಿಂದ ಓದುವವರೂ ಇರಬಹುದು. ನಾನು ಹೇಗೆ ಓದುತ್ತೇನೆ ಅಂತ ಹೇಳುತ್ತೇನೆ. ಬೇಕಾದ್ದು ಇಟ್ಟುಕೊಳ್ಳಿ.

ಮೊದಲೇ ಒಂದು ಮಾತು. ನೆಟ್‌ವರ್ಕ್ ಬೇಡ ಅನ್ನುವವನಲ್ಲ ನಾನು. 1940ರಲ್ಲಿ ಜರ್ಮನ್ ವಿಮಾನಗಳಿಂದ ಬ್ರಿಟನ್ ತನ್ನ ಆಕಾಶ ಕಾಯ್ದದ್ದು ನೆಟ್‌ವರ್ಕ್‌ನಿಂದಲೇ. ಕಂಪ್ಯೂಟರ್ ಒಂದೂ ಇರಲಿಲ್ಲ, ಅಷ್ಟೇ. ಕರಾವಳಿಯ ರೇಡಾರ್‌ಗಳಿಂದ ಸುದ್ದಿ ಟೆಲಿಫೋನ್ ತಂತಿಯ ಮೇಲೆ ಬೆಂಟ್ಲಿ ಪ್ರಯರಿ ಅನ್ನುವ ಜಾಗಕ್ಕೆ, ಅಂದರೆ ಫೈಟರ್ ಪಡೆಯ ಹೆಡ್‌ಕ್ವಾರ್ಟರ್ಸ್‌ಗೆ, ಬರುತ್ತಿತ್ತು. ಅಲ್ಲಿ ಫಿಲ್ಟರ್ ರೂಮ್ ಅಂತ ಒಂದು ಕೋಣೆ. ಒಂದು ರೇಡಾರ್ ಇಪ್ಪತ್ತು ವಿಮಾನ ಅನ್ನುತ್ತದೆ, ಪಕ್ಕದ್ದು ನಲವತ್ತು ಅನ್ನುತ್ತದೆ. ಯಾವುದು ನಿಜ ಅಂತ ಆ ಕೋಣೆಯವರು ತೀರ್ಮಾನಿಸಿ, ಒಂದೇ ಉತ್ತರ ಮುಂದೆ ಕಳಿಸುತ್ತಿದ್ದರು. ಹೀಗಾಗಿ ಫೈಟರ್ ವಿಮಾನಗಳು ಸುಮ್ನೆ ಆಕಾಶದಲ್ಲಿ ಸುತ್ತುತ್ತಾ ಪೆಟ್ರೋಲ್ ಸುಡಬೇಕಿರಲಿಲ್ಲ. ಬೇಕಾದಾಗ ಬೇಕಾದ ಕಡೆ ಏಳುತ್ತಿದ್ದವು. ಎಲ್ಲರಿಗೂ ಎಲ್ಲವನ್ನೂ ತೋರಿಸದೆ ಆ ವ್ಯವಸ್ಥೆ ಗೆದ್ದಿತು. ಎಲ್ಲಾ ಒಂದೇ ಕೋಣೆಯ ಮೂಲಕ ಹೋಗುತ್ತದಲ್ಲಾ ಅಂತ ಆಗಲೇ ಟೀಕಿಸಿದವರೂ ಇದ್ದರು. ಅದೂ ಸರಿಯಾದ ಟೀಕೆಯೇ.

ಒಂದು ಸಂದೇಶದ ಜೊತೆ ನಡೆಯಿರಿ

ಮಿಂಚಿನ ಗೆರೆಯ ಪುಟ ತೆರೆದು ಒಂದೇ ಒಂದು ಸಂದೇಶ ಆರಿಸಿಕೊಳ್ಳಿ. ನನಗೆ ಇಷ್ಟವಾದದ್ದು ಇದು: ಬೆಟ್ಟದ ಮೇಲೆ ಕೂತ ಒಬ್ಬ ವೀಕ್ಷಕ ಶತ್ರುವಿನ ಫಿರಂಗಿ ನೋಡಿದ, ನಮ್ಮ ಫಿರಂಗಿ ಅದರ ಮೇಲೆ ಗುಂಡು ಹಾರಿಸಬೇಕು. ಈಗ ಆ ಸಂದೇಶದ ಜೊತೆ ಹೆಜ್ಜೆಹೆಜ್ಜೆಗೂ ನಡೆಯಿರಿ. ಅವನು ಜಾಗವನ್ನು ಅಳೆದದ್ದು ಯಾವುದರಿಂದ? ಅಂಕಿಯನ್ನು ಬಾಯಲ್ಲಿ ಹೇಳಿದನೋ, ಟೈಪ್ ಮಾಡಿದನೋ? ಅದು ಯಾವ ಸೆಟ್‌ನಿಂದ ಹೋಯಿತು? ದಾರಿಯಲ್ಲಿ ಎಷ್ಟು ಪೆಟ್ಟಿಗೆ? ಎಷ್ಟು ಜನ ಅದನ್ನು ಓದಿ ‘ಸರಿ’ ಒತ್ತಬೇಕು? ಯಾರು ಒತ್ತದಿದ್ದರೆ ನಿಲ್ಲುತ್ತದೆ?

ಕಾಗದದ ಮೇಲೆ ಬರೆಯುತ್ತಾ ಹೋಗಿ. ಚಿತ್ರದಲ್ಲಿ ಒಂದು ಗೆರೆ ಇದ್ದದ್ದು ಕಾಗದದಲ್ಲಿ ಹನ್ನೊಂದು ಹೆಜ್ಜೆ ಆಗುತ್ತದೆ. ಪ್ರತಿ ಹೆಜ್ಜೆಯ ಎದುರು ಎರಡೇ ಮಾತು ಬರೆಯಿರಿ. ಇಲ್ಲಿ ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ? ಎಷ್ಟು ಹೊತ್ತಿಗೆ?

ಯಾಕೆ ಇಷ್ಟು ಕೆದಕಬೇಕು ಅಂತೀರಾ? 2001ರ ಡಿಸೆಂಬರ್ 5ರಂದು ಅಫ್ಘಾನಿಸ್ತಾನದ ಕಂದಹಾರ್‌ನ ಉತ್ತರಕ್ಕೆ ಅಮೆರಿಕದ ಒಂದು ಚಿಕ್ಕ ತಂಡ ವಿಮಾನದಾಳಿಗೆ ಗುರಿ ಹೇಳುತ್ತಿತ್ತು. ಕೈಯಲ್ಲಿದ್ದ ಜಿಪಿಎಸ್ ಉಪಕರಣದಲ್ಲಿ ಗುರಿಯ ಜಾಗ ಸಿಕ್ಕಿತ್ತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಹೊಸ ಬ್ಯಾಟರಿ ಹಾಕಿದರು. ಆ ಉಪಕರಣ ಮತ್ತೆ ಹೊತ್ತಿಕೊಂಡಾಗ ಗುರಿಯ ಜಾಗ ತೋರಿಸುವುದಿಲ್ಲ, ತಾನು ಇರುವ ಜಾಗ ತೋರಿಸುತ್ತದೆ. ಹಾಗೆ ಮಾಡುವುದೇ ಅದರ ಕ್ರಮ. ತೆರೆಯ ಮೇಲಿದ್ದ ಅಂಕಿಯನ್ನೇ ವಿಮಾನಕ್ಕೆ ಓದಿ ಹೇಳಿದರು. ಎರಡು ಸಾವಿರ ಪೌಂಡಿನ ಬಾಂಬ್ ಅವರ ಮೇಲೇ ಬಿತ್ತು. ಮೂವರು ಅಮೆರಿಕನ್ ಸೈನಿಕರೂ ಅವರ ಜೊತೆಗಿದ್ದ ಅಫ್ಘಾನರೂ ಸತ್ತರು. ಮುಂದೆ ಅಫ್ಘಾನಿಸ್ತಾನದ ಅಧ್ಯಕ್ಷರಾದ ಹಮೀದ್ ಕರ್ಜಾಯಿ ಅಲ್ಲೇ ಇದ್ದರು, ಚಿಕ್ಕ ಗಾಯದಲ್ಲಿ ಉಳಿದರು.

ಇಲ್ಲಿ ಕೆಟ್ಟದ್ದು ಯಾವುದು? ಉಪಗ್ರಹ ಸರಿ ಇತ್ತು. ರೇಡಿಯೋ ಸರಿ ಇತ್ತು. ಬಾಂಬ್ ಹೇಳಿದ ಜಾಗಕ್ಕೇ ಬಿತ್ತು. ಹಿಂದಿನ ಕಾಲದಲ್ಲಾಗಿದ್ದರೆ ಮಾತು ಎರಡು ಮೂರು ಕಡೆ ದಾಟುವಾಗ ಯಾರಾದರೂ ನಕ್ಷೆ ನೋಡಿ ‘ಇದು ನಮ್ಮ ಜಾಗ ಅಲ್ವಾ?’ ಅಂತ ಕೇಳುವುದಕ್ಕೆ ಹೊತ್ತು ಸಿಗುತ್ತಿತ್ತು. ವೇಗದ ಗೆರೆ ಎಳೆಯುವಾಗ ಆ ಪ್ರಶ್ನೆ ಕೇಳುವವನನ್ನೂ ಅಳಿಸಿಬಿಡುತ್ತೇವೆ. ವೇಗ ಬೇಡ ಅಂತಲ್ಲ. ಯಾವ ಹೆಜ್ಜೆಯನ್ನು ತೆಗೆದಿರಿ, ಅಲ್ಲಿದ್ದವನು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಅಂತ ಕಡತದಲ್ಲಿ ಬರೆದಿರಬೇಕು. ನಾನು ನೋಡಿದ ಕಡತಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಬರೆದಿರಲಿಲ್ಲ.

ಚುಕ್ಕೆಗೆ ವಯಸ್ಸೆಷ್ಟು ಅಂತ ಕೇಳಿ

ಪ್ರದರ್ಶನದ ದಿನ ದೊಡ್ಡ ತೆರೆಯ ಮೇಲೆ ನೀಲಿ ಚುಕ್ಕೆ ನಮ್ಮವರು, ಕೆಂಪು ಚುಕ್ಕೆ ಶತ್ರು ಅಂತ ತೋರಿಸುತ್ತಾರೆ. ಚೆನ್ನಾಗಿ ಕಾಣುತ್ತದೆ. ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ. ‘ಆ ಚುಕ್ಕೆಗೆ ವಯಸ್ಸೆಷ್ಟು?’

ಒಂದು ಸಮರಾಭ್ಯಾಸದಲ್ಲಿ ನಾನೇ ಇದಕ್ಕೆ ಸಿಕ್ಕಿಬಿದ್ದೆ. ತೆರೆಯ ಮೇಲೆ ನಮ್ಮ ಒಂದು ತುಕಡಿ ನದಿಯ ಈ ದಡದಲ್ಲಿತ್ತು. ಹಾಗಂತ ಬ್ರೀಫಿಂಗ್‌ನಲ್ಲಿ ಹೇಳಿದೆ. ಅವರು ದಾಟಿ ನಲವತ್ತು ನಿಮಿಷ ಆಗಿತ್ತು. ಕಣಿವೆಯಲ್ಲಿ ಸೆಟ್‌ಗೆ ಸಿಗ್ನಲ್ ಸಿಕ್ಕಿರಲಿಲ್ಲ. ತೆರೆ ಮಾತ್ರ ಕೊನೆಯ ಜಾಗವನ್ನೇ ಹಿಡಿದು ಕೂತಿತ್ತು, ಅದೇ ಗಾಢ ನೀಲಿಯಲ್ಲಿ. ಒಂದು ನಿಮಿಷದ ಹಿಂದಿನ ಚುಕ್ಕೆಗೂ ನಲವತ್ತು ನಿಮಿಷದ ಹಿಂದಿನದಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಳೇ ಕಾಲದ ಕಾಗದದ ನಕ್ಷೆಯಲ್ಲಿ ಹುಡುಗರು ಪಿನ್ನಿನ ಪಕ್ಕ ಸಮಯ ಬರೆದಿಡುತ್ತಿದ್ದರು. ಅಷ್ಟು ಬುದ್ಧಿ ಆ ದುಬಾರಿ ತೆರೆಗೆ ಇರಲಿಲ್ಲ. ಹೊತ್ತು ಕಳೆದಂತೆ ಚುಕ್ಕೆ ಮಾಸಬೇಕು, ಬದಿಯಲ್ಲಿ ನಿಮಿಷ ತೋರಿಸಬೇಕು ಅಂತ ಬೇಡಿಕೆಯಲ್ಲೇ ಬರೆಸಿ. ಆಮೇಲೆ ಸೇರಿಸೋಣ ಅಂದರೆ ಅದು ಸೇರುವುದಿಲ್ಲ.

ಚುಕ್ಕೆಯ ಹೆಸರೂ ಮೋಸ ಮಾಡಬಲ್ಲದು. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್, ಪರ್ಷಿಯನ್ ಕೊಲ್ಲಿಯಲ್ಲಿ ಇರಾನ್ ಏರ್ 655 ಅನ್ನುವ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು. ಆ ಹಡಗಿನಲ್ಲಿ ಆ ಕಾಲದ ಅತಿ ಮುಂದುವರಿದ, ರೇಡಾರನ್ನೂ ಕ್ಷಿಪಣಿಯನ್ನೂ ಕಂಪ್ಯೂಟರಿನಿಂದ ಜೋಡಿಸುವ ಏಜಿಸ್ ವ್ಯವಸ್ಥೆ ಇತ್ತು. ವಿಮಾನ ಮೇಲೇರುತ್ತಿದೆ ಅಂತ ಯಂತ್ರ ಸರಿಯಾಗಿಯೇ ದಾಖಲಿಸಿತ್ತು. ಆದರೆ ಕೋಣೆಯಲ್ಲಿದ್ದವರು ಇಳಿಯುತ್ತಿದೆ, ದಾಳಿಗೆ ಬರುತ್ತಿದೆ ಅಂದುಕೊಂಡರು. ಒಂದು ಕಾರಣ ಹೀಗೆ ಹೇಳುತ್ತಾರೆ. ಆ ವಿಮಾನಕ್ಕೆ ಮೊದಲು 4474 ಅನ್ನುವ ಸಂಖ್ಯೆ ಕೊಟ್ಟಿದ್ದರು. ಇನ್ನೊಂದು ಹಡಗು ಅದೇ ವಿಮಾನಕ್ಕೆ 4131 ಕೊಟ್ಟಿತ್ತು. ಎರಡೂ ಒಂದೇ ಅಂತ ನೆಟ್‌ವರ್ಕ್ ಅರ್ಥಮಾಡಿಕೊಂಡು 4131 ಉಳಿಸಿತು. ಖಾಲಿಯಾದ 4474 ಬಹಳ ದೂರದ ಬೇರೊಂದು ವಿಮಾನಕ್ಕೆ ಹೋಯಿತು. ಅದು ನಿಜವಾಗಿಯೂ ಇಳಿಯುತ್ತಿತ್ತು. ‘4474 ಏನು ಮಾಡುತ್ತಿದೆ?’ ಅಂತ ಕೇಳಿದರೆ ಬರುವ ಉತ್ತರ ಸರಿಯಾದದ್ದೇ, ಆದರೆ ಬೇರೆ ವಿಮಾನದ್ದು. ಎರಡು ಯಂತ್ರ ಜೋಡಿಸಿದಾಗ ಹೆಸರುಗಳ ಗತಿ ಏನಾಗುತ್ತದೆ ಅಂತ ನೀವು ಕೇಳಲೇಬೇಕಾದದ್ದು ಇದಕ್ಕೆ. ಕೇಳಿದಾಗ ತಯಾರಕರ ಕಡೆಯ ಹುಡುಗ ತಡವರಿಸಿದರೆ ಗುರುತು ಹಾಕಿಕೊಳ್ಳಿ.

ಗಡಿಯಾರದ್ದೂ ಹಾಗೇ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ, ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಯಂತ್ರವನ್ನು ನೂರು ಗಂಟೆಗೂ ಮೇಲೆ ಆಫ್ ಮಾಡದೆ ಓಡಿಸಿದ್ದರು. ಒಳಗಿನ ಲೆಕ್ಕದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಪೂರ್ತಿ ಸರಿಯಾಗಿ ಕೂರುತ್ತಿರಲಿಲ್ಲ, ಒಂಚೂರು ಕತ್ತರಿಸಿ ಹೋಗುತ್ತಿತ್ತು. ಆ ಚೂರುಗಳೆಲ್ಲ ಸೇರಿ ಸುಮಾರು 0.34 ಸೆಕೆಂಡು ಆಯಿತು. ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರ್ ದಾಟುತ್ತದೆ. ರೇಡಾರ್ ಖಾಲಿ ಆಕಾಶ ನೋಡಿತು. ನನಗೆ ಇದಕ್ಕಿಂತ ಜಾಸ್ತಿ ಕಾಡುವ ವಿಷಯ ಇನ್ನೊಂದು. ‘ತುಂಬಾ ಹೊತ್ತು’ ಸತತವಾಗಿ ಓಡಿಸಬೇಡಿ ಅಂತ ಎಚ್ಚರಿಕೆ ನಾಲ್ಕು ದಿನ ಮುಂಚೆಯೇ ಹೋಗಿತ್ತು. ತುಂಬಾ ಅಂದರೆ ಎಷ್ಟು ಗಂಟೆ ಅಂತ ಅದರಲ್ಲಿ ಇರಲಿಲ್ಲ. ಸರಿಪಡಿಸಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ದಾಳಿಯ ಮಾರನೇ ದಿನ. ಸೂಚನಾ ಪುಸ್ತಕದಲ್ಲಿ ‘ಹೆಚ್ಚು’, ‘ಆಗಾಗ’, ‘ಸಾಧ್ಯವಾದಷ್ಟು’ ಅನ್ನುವ ಪದ ಕಂಡ ಕಡೆಯೆಲ್ಲ ನಾನು ಕೆಂಪು ಸುತ್ತು ಹಾಕಿ ಪಕ್ಕದಲ್ಲಿ ‘ಎಷ್ಟು?’ ಅಂತ ಬರೆಯುವುದು ಅದಕ್ಕೇ.

ಪ್ರತಿ ಆಂಟೆನಾ ಒಂದು ದೀಪ

ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲ ದಿನ ಇದನ್ನೇ ಹೇಳುತ್ತಿದ್ದೆ. ಸೆಟ್‌ನ ಗುಂಡಿ ಒತ್ತಿದಿರಿ ಅಂದರೆ ಕತ್ತಲಲ್ಲಿ ದೀಪ ಹಚ್ಚಿದಿರಿ ಅಂತ ಅರ್ಥ. ನೀವು ಏನು ಮಾತಾಡುತ್ತಿದ್ದೀರಿ ಅಂತ ಶತ್ರುವಿಗೆ ಅರ್ಥವಾಗದಿರಬಹುದು. ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡೋನಿಟ್ಸ್ ತನ್ನ ಜಲಾಂತರ್ಗಾಮಿಗಳನ್ನು ದಡದಲ್ಲಿ ಕೂತು ರೇಡಿಯೋದಲ್ಲೇ ನಡೆಸುತ್ತಿದ್ದ. ಒಂದು ಜಲಾಂತರ್ಗಾಮಿಗೆ ಶತ್ರು ಹಡಗುಗಳ ಸಾಲು ಕಂಡರೆ ಅದು ವರದಿ ಮಾಡಬೇಕು, ಉಳಿದವು ಒಟ್ಟು ಸೇರಬೇಕು. ಇಂದಿನ ಮಿಂಚಿನ ಗೆರೆ ಚಿತ್ರದ ಅಜ್ಜ ಅದು. ಕೆಲಸವೂ ಮಾಡಿತು. ಆದರೆ ಆ ಮಾತುಕತೆಯೇ ಮಿತ್ರಪಕ್ಷದ ಹಡಗುಗಳಿಗೆ ದಿಕ್ಕು ತೋರಿಸಿತು. ದಿಕ್ಕು ಪತ್ತೆ ಮಾಡುವ ಯಂತ್ರವನ್ನು ಅವರು ಹಡಗಿನ ಮೇಲೇ ಕೂರಿಸಿದರು. ಗೂಢಲಿಪಿಯನ್ನೂ ಒಡೆದರು. ಬೇಟೆಗಾರರೇ ಬೇಟೆಯಾದರು.

ಇವತ್ತು ಕಿಸೆಯಲ್ಲಿರುವ ಫೋನೂ ದೀಪವೇ. 2018ರ ಜನವರಿಯಲ್ಲಿ ಸ್ಟ್ರಾವಾ ಅನ್ನುವ ವ್ಯಾಯಾಮದ ಆಪ್‌ನ ನಕ್ಷೆಯಲ್ಲಿ ಮರುಭೂಮಿಯ ನಡುವೆ ಬೆಳಗುವ ಚೌಕಗಳು ಕಂಡವು. ಸೈನಿಕರು ಬೆಳಿಗ್ಗೆ ಓಡುತ್ತಿದ್ದ ನೆಲೆಗಳ ಬೇಲಿಯ ಗೆರೆ ಅದು. 2023ರ ಹೊಸ ವರ್ಷದ ಹೊತ್ತಿಗೆ ಯುಕ್ರೇನ್ ಯುದ್ಧದಲ್ಲಿ ಮಕೀವ್ಕಾ ಅನ್ನುವ ಊರಿನಲ್ಲಿ ರಷ್ಯಾದ ಸೈನಿಕರಿದ್ದ ಕಟ್ಟಡದ ಮೇಲೆ ರಾಕೆಟ್ ದಾಳಿಯಾಗಿ 89 ಜನ ಸತ್ತರು ಅಂತ ರಷ್ಯಾ ಹೇಳಿತು. ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಅಂತಲೂ ಹೇಳಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ಮಲಗಿಸಿದ್ದು ಯಾರು ಅನ್ನುವ ಪ್ರಶ್ನೆಯೂ ಇದೆ. ಸತ್ತವರ ಮೇಲೆ ತಪ್ಪು ಹೊರಿಸುವುದು ಯಾವತ್ತೂ ಸುಲಭ.

ಕಡತ ಓದುವಾಗ ಮಾಡಬೇಕಾದದ್ದು ಇಷ್ಟು. ಎಷ್ಟು ಉಪಕರಣ ಸುಮ್ಮನಿದ್ದಾಗಲೂ ಸಿಗ್ನಲ್ ಕಳಿಸುತ್ತಿರುತ್ತವೆ ಅಂತ ಎಣಿಸಿ. ‘ನಾನಿದ್ದೇನೆ’ ಅಂತ ಕೆಲವು ಸೆಟ್‌ಗಳು ತಾವಾಗಿಯೇ ಹೇಳುತ್ತಲೇ ಇರುತ್ತವೆ. ಅದನ್ನು ನಿಲ್ಲಿಸುವ ಗುಂಡಿ ಇದೆಯಾ? ನಿಲ್ಲಿಸಿದರೆ ನೆಟ್‌ವರ್ಕ್ ಆ ಸೆಟ್ಟನ್ನು ಹೊರಗೆ ತಳ್ಳುತ್ತದಾ? ಮತ್ತೆ ಸೇರಲು ಎಷ್ಟು ನಿಮಿಷ? ಮೂರು ನಿಮಿಷ ಅಂದರೆ ಯಾರೂ ಆ ಗುಂಡಿ ಒತ್ತುವುದಿಲ್ಲ. ದೀಪ ಹಚ್ಚಿಕೊಂಡೇ ಮಲಗುತ್ತಾರೆ.

ಹೆಡ್‌ಕ್ವಾರ್ಟರ್ಸ್ ಆಂಟೆನಾಗಳದ್ದು ಇನ್ನೊಂದು ಕಥೆ. ನಮ್ಮ ಒಂದು ಹೆಡ್‌ಕ್ವಾರ್ಟರ್ಸ್ ಟೆಂಟ್ ಸುತ್ತ ಆಂಟೆನಾಗಳು ಮುಳ್ಳುಹಂದಿಯ ಹಾಗೆ ನಿಂತಿದ್ದವು. ಎದುರಿನ ಗುಡ್ಡದಿಂದ ಬರಿಗಣ್ಣಿಗೇ ಕಾಣುತ್ತಿತ್ತು. ಸರಿ, ಅವನ್ನೆಲ್ಲ ಒಂದು ಕಿಲೋಮೀಟರ್ ದೂರ ಇಟ್ಟು ಕೇಬಲ್ ಎಳೆದೆವು. ಮೊದಲ ರಾತ್ರಿಯೇ ನಮ್ಮದೇ ಲಾರಿ ಆ ಕೇಬಲ್ ಮೇಲೆ ಹತ್ತಿ ಕತ್ತರಿಸಿ ಹೋಯಿತು. ದೂರ ಇಟ್ಟರೆ ಕೇಬಲ್ ಕಾಯಲು ಜನ ಬೇಕು. ಹತ್ತಿರ ಇಟ್ಟರೆ ಕಮಾಂಡರ್ ತಲೆಯ ಮೇಲೆ ದೀಪ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆ ಕೇಬಲ್ ಕಾಯುವ ನಾಲ್ಕು ಜನರ ಲೆಕ್ಕ ಕಡತದಲ್ಲಿ ಇದೆಯಾ ನೋಡಿ.

ಒಂದಕ್ಕೆ ನೆಗಡಿಯಾದರೆ ಎಲ್ಲಕ್ಕೂ

2008ರಲ್ಲಿ ಒಂದು ಪೆನ್ ಡ್ರೈವ್‌ನಿಂದ ಅಮೆರಿಕದ ಸೈನ್ಯದ ಕಂಪ್ಯೂಟರ್‌ಗಳಿಗೆ ಹುಳು (ತಾನಾಗಿಯೇ ಹರಡುವ ಕೆಟ್ಟ ಪ್ರೋಗ್ರಾಂ) ಹೊಕ್ಕಿತು. ಗೋಪ್ಯ ನೆಟ್‌ವರ್ಕ್‌ಗೂ ಹೋಯಿತು. ತೊಳೆದು ಮುಗಿಸಲು ಸುಮಾರು 14 ತಿಂಗಳು ಬೇಕಾಯಿತು, ಪೆನ್ ಡ್ರೈವನ್ನೇ ನಿಷೇಧಿಸಿದರು. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನೊಳಗೆ ನುಗ್ಗುವ ಹೊತ್ತಿಗೆ ಇಂಟರ್ನೆಟ್ ಕೊಡುವ ಕೆಎ-ಸ್ಯಾಟ್ ಉಪಗ್ರಹದ ಸಾವಿರಾರು ಮೋಡೆಮ್‌ಗಳು ಸತ್ತವು. ಉಪಗ್ರಹವನ್ನು ಯಾರೂ ಮುಟ್ಟಲಿಲ್ಲ. ಮೋಡೆಮ್‌ಗಳನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆಯೊಳಗೆ ಹೊಕ್ಕು, ಆ ದಾರಿಯಲ್ಲೇ ಆಜ್ಞೆ ಕಳಿಸಿ ಅಳಿಸಿದರು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕವೂ ಕಡಿದುಹೋಯಿತು. ಅವಕ್ಕೂ ಆ ಯುದ್ಧಕ್ಕೂ ಸಂಬಂಧವೇ ಇರಲಿಲ್ಲ.

ಆದ್ದರಿಂದ ಮಿಂಚಿನ ಗೆರೆಗಳಲ್ಲಿ ಒಂದು ಗೆರೆ ಯಾವಾಗಲೂ ಬಿಟ್ಟುಹೋಗಿರುತ್ತದೆ. ರಿಪೇರಿಯ ಗೆರೆ. ಅಪ್‌ಡೇಟ್ ಯಾವ ದಾರಿಯಲ್ಲಿ ಬರುತ್ತದೆ? ಆ ದಾರಿಯ ಬೀಗದ ಕೈ ಯಾರ ಹತ್ತಿರ? ಪೆನ್ಸಿಲಿನಲ್ಲಿ ನೀವೇ ಆ ಗೆರೆ ಎಳೆಯಿರಿ. ಅದು ಎಲ್ಲಾ ಪೆಟ್ಟಿಗೆಗೂ ಹೋಗಿ ಮುಟ್ಟುತ್ತದೆ ಅಂತ ಗೊತ್ತಾದಾಗ ಕೋಣೆಯಲ್ಲಿ ಒಂದು ಕ್ಷಣ ಮೌನ ಆಗುತ್ತದೆ.

ನೆಟ್‌ವರ್ಕನ್ನು ತುಂಡುತುಂಡಾಗಿ ಮಾಡಿ ನಡುವೆ ಬಾಗಿಲು ಹಾಕಿದರೆ ಹುಳು ಹರಡುವುದಿಲ್ಲ. ಆದರೆ ಬಾಗಿಲು ಹೆಚ್ಚಾದಷ್ಟೂ ಸಂದೇಶ ನಿಧಾನ. ಕೆಲಸ ಮುಗಿಸಬೇಕಾದ ಹುಡುಗ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಡುತ್ತಾನೆ. ಗುಪ್ತಪದ ಚೀಟಿಯಲ್ಲಿ ಬರೆದು ತೆರೆಗೆ ಅಂಟಿಸುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ. ಬಾಗಿಲು ಎಷ್ಟಿರಬೇಕು ಅಂತ ತೀರ್ಮಾನಿಸುವವರು ಒಂದು ರಾತ್ರಿ ಪಾಳಿ ಅವನ ಪಕ್ಕ ಕೂರಲಿ.

ಮೇಲಿನವರ ಉದ್ದ ಕೈ

ಡ್ರೋನ್ ಕ್ಯಾಮೆರಾದ ಚಿತ್ರ ಮೊದಲ ಸಲ ಹೆಡ್‌ಕ್ವಾರ್ಟರ್ಸ್ ಟೆಂಟಿಗೆ ಬಂದ ದಿನ ನೆನಪಿದೆ. ಎಲ್ಲರೂ ತೆರೆಯ ಮುಂದೆ ಸೇರಿದ್ದರು. ಹತ್ತು ಜನರ ಒಂದು ಚಿಕ್ಕ ತಂಡ ಹೊಲದ ಅಂಚಿನಲ್ಲಿ ಹೋಗುತ್ತಿತ್ತು. ಒಬ್ಬ ಹಿರಿಯ ಅಧಿಕಾರಿ ನನ್ನ ಕೈಯಿಂದಲೇ ಹ್ಯಾಂಡ್‌ಸೆಟ್ ತೆಗೆದುಕೊಂಡು ನೇರವಾಗಿ ಆ ತಂಡದ ನಾಯಕನಿಗೆ ಕೇಳಿದರು. ‘ಆ ಮರದ ಎಡಗಡೆಯಿಂದ ಯಾಕಪ್ಪಾ ಹೋಗ್ತಿಲ್ಲ?’

ಎಡಗಡೆ ಕೆಸರಿತ್ತು. ಮೇಲಿನಿಂದ ನೋಡಿದರೆ ಅದು ಹಸಿರು ಹುಲ್ಲು. ಅವನು ‘ಸರಿ ಸರ್’ ಅಂದು ಎಡಕ್ಕೆ ಹೋದ, ಮೊಣಕಾಲ ತನಕ ಹೂತ. ಮುಂದಿನ ಎರಡು ದಿನ ಅವನು ಪ್ರತಿ ತಿರುವಿನಲ್ಲೂ ಸೆಟ್ ತೆಗೆದು ‘ಮುಂದೆ ಹೋಗಲಾ ಸರ್?’ ಅಂತ ಕೇಳಿದ. ಒಳ್ಳೇ ಹುಡುಗ ಅವನು. ಯಾರೂ ನೋಡದಿದ್ದಾಗ ಚೆನ್ನಾಗಿ ಯೋಚಿಸುತ್ತಿದ್ದ.

ವಿಚಿತ್ರ ಏನೆಂದರೆ, ಮೇಲಿನವರಿಗೆ ಜಾಸ್ತಿ ಕಾಣುವಾಗ ಮುಂದೆ ಇರುವವನಿಗೆ ಏನೂ ಕಾಣದಿರುವುದೂ ಉಂಟು. 2003ರಲ್ಲಿ ಬಾಗ್ದಾದ್ ಕಡೆ ಓಡುತ್ತಿದ್ದ ಅಮೆರಿಕದ ಮುಂಚೂಣಿ ತುಕಡಿಗಳಿಗೆ ಹಿಂದಿನ ಹೆಡ್‌ಕ್ವಾರ್ಟರ್ಸ್‌ನ ಮಾಹಿತಿ ಇಳಿಸಿಕೊಳ್ಳಬೇಕು ಅಂದರೆ ಗಾಡಿ ನಿಲ್ಲಿಸಿ ಆಂಟೆನಾ ಹಾಕಬೇಕಿತ್ತು. ಯೂಫ್ರೆಟಿಸ್ ನದಿಯ ಒಂದು ಸೇತುವೆ ಹಿಡಿದ ಪಡೆಗೆ ರಾತ್ರಿ ಎದುರಾದ ಇರಾಕಿನ ದೊಡ್ಡ ಸೈನ್ಯದ ಬಗ್ಗೆ ಮುಂಚೆ ಸುದ್ದಿಯೇ ಇರಲಿಲ್ಲ. ನಮ್ಮವರು ಎಲ್ಲಿದ್ದಾರೆ ಅಂತ ತೋರಿಸುವ ಉಪಗ್ರಹ ಆಧಾರಿತ ಉಪಕರಣ ಮಾತ್ರ ಅಲ್ಲಿ ಚೆನ್ನಾಗಿ ನಡೆಯಿತು. ರೇಡಿಯೋ ಮುಟ್ಟದ ಕಡೆ ಚಿಕ್ಕ ಚಿಕ್ಕ ಅಕ್ಷರ ಸಂದೇಶ ತಲುಪಿಸಿತು. ನನಗೆ ಇದರಿಂದ ಹತ್ತಿದ ಚಟ ಏನೆಂದರೆ, ಪರೀಕ್ಷೆಯ ದಿನ ಲಾಗ್ ಪುಸ್ತಕ ತೆಗೆದು ಎರಡು ಲೆಕ್ಕ ಹಾಕುವುದು. ಮೇಲಿನಿಂದ ಕೆಳಗೆ ಹೋದ ಪ್ರಶ್ನೆಗಳು ಎಷ್ಟು, ಕೆಳಗಿನವನಿಗೆ ಉಪಯೋಗವಾದ ಸುದ್ದಿ ಎಷ್ಟು. ಮೊದಲನೆಯದು ಎರಡನೆಯದಕ್ಕಿಂತ ಜಾಸ್ತಿ ಇದ್ದರೆ ಆ ನೆಟ್‌ವರ್ಕ್ ಮುಂಚೂಣಿಗೆ ಹೊರೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದನ್ನು ನನಗಿಂತ ಚೆನ್ನಾಗಿ ನೋಡುವವರಿದ್ದಾರೆ. ಎಲ್ಲಾ ಸೆಟ್‌ಗಳ ಬದಲು ಒಂದೇ ಸೆಟ್ ತರುತ್ತೇವೆ ಅಂತ ಅಮೆರಿಕ 1997ರಲ್ಲಿ ಹೊರಟಿತು. ಅದರಲ್ಲಿ ಗಾಡಿಗಳಿಗೆ ಹಾಕುವ ರೇಡಿಯೋವನ್ನು 2011ರಲ್ಲಿ ಕೈಬಿಟ್ಟಿತು. ಅದೇ ನೆಟ್‌ವರ್ಕ್ ಮೇಲೆ ನಿಲ್ಲಬೇಕಿದ್ದ ಹೊಸ ಗಾಡಿಗಳ ಭಾರೀ ಯೋಜನೆಯನ್ನು 2009ರಲ್ಲೇ ರದ್ದು ಮಾಡಿತ್ತು. ‘ನೆಟ್‌ವರ್ಕ್ ಇದೆಯಲ್ಲ, ಶತ್ರು ದೂರದಲ್ಲೇ ಕಾಣುತ್ತಾನೆ, ದಪ್ಪ ಕವಚ ಯಾಕೆ?’ ಅನ್ನುವ ವಾಕ್ಯ ಕಡತದಲ್ಲಿ ಕಂಡರೆ ನಿಲ್ಲಿ. ಇನ್ನೂ ಕಟ್ಟದ ನೆಟ್‌ವರ್ಕನ್ನು ನಂಬಿ ಇವತ್ತಿನ ಉಕ್ಕನ್ನು ತೆಗೆಯುತ್ತಿದ್ದಾರೆ ಅಂತ ಅರ್ಥ. ಬ್ಯಾಟರಿ ಎಷ್ಟು, ಅದನ್ನು ಯಾರು ಹೊರುತ್ತಾರೆ, ಚಾರ್ಜ್ ಎಲ್ಲಿ ಅಂತಲೂ ಕೇಳಿ. ಉತ್ತರದಲ್ಲಿ ‘ಜನರೇಟರ್’ ಅಂತ ಬಂದರೆ ಅದಕ್ಕೆ ಡೀಸೆಲ್ ತರುವ ಲಾರಿಯನ್ನೂ ಚಿತ್ರದಲ್ಲಿ ಬಿಡಿಸಿ.

ವೈರು ಕೀಳುವ ರಾತ್ರಿ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಸಹಿ ಹಾಕುವ ಮುಂಚೆ ಒಂದು ರಾತ್ರಿ ವೈರು ಕೀಳಿಸಿ.

ಹೇಳಿ ಕೀಳಬೇಡಿ. 2002ರಲ್ಲಿ ಅಮೆರಿಕ ಸುಮಾರು 25 ಕೋಟಿ ಡಾಲರ್ ಖರ್ಚು ಮಾಡಿ ಮಿಲೇನಿಯಂ ಚಾಲೆಂಜ್ ಅನ್ನುವ ಸಮರಾಭ್ಯಾಸ ನಡೆಸಿತು. ಶತ್ರುವಿನ ಪಾತ್ರ ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವ್ಯಾನ್ ರೈಪರ್ ಅವರದ್ದು. ಅವರು ರೇಡಿಯೋ ಮುಟ್ಟಲೇ ಇಲ್ಲ. ಮೋಟಾರ್ ಸೈಕಲ್ ಮೇಲೆ ಸಂದೇಶ ಕಳಿಸಿದರು, ವಿಮಾನಗಳಿಗೆ ದೀಪದ ಸನ್ನೆ ಮಾಡಿದರು. ಕದ್ದು ಕೇಳಲು ಕೂತವರಿಗೆ ಕೇಳಲು ಏನೂ ಇರಲಿಲ್ಲ. ಒಂದೇ ದಾಳಿಯಲ್ಲಿ 16 ಹಡಗು ಲೆಕ್ಕದಲ್ಲಿ ಮುಳುಗಿದವು. ಆಮೇಲೆ ಆಟ ನಿಲ್ಲಿಸಿ, ಹಡಗುಗಳನ್ನು ಮತ್ತೆ ತೇಲಿಸಿ, ಶತ್ರುವಿನ ಕೈ ಕಟ್ಟಿ ಮುಂದುವರಿಸಿದರು. ವ್ಯಾನ್ ರೈಪರ್ ಬೇಸತ್ತು ಪಾತ್ರ ಬಿಟ್ಟರು. ಹೀಗೆ ಮತ್ತೆ ತೇಲಿಸುವುದಾದರೆ ಪರೀಕ್ಷೆ ಮಾಡುವುದೇ ಬೇಡ. ಡೀಸೆಲ್ ಉಳಿಯುತ್ತದೆ.

ನಮ್ಮಲ್ಲಿ ಮೊದಲ ಸಲ ಕಿತ್ತಾಗ ಬೆಳಗಿನ ಜಾವ ಮೂರೂಕಾಲು ಗಂಟೆ. ಪಾಳಿ ಬದಲಾಗಿ ಹದಿನೈದು ನಿಮಿಷ ಆಗಿತ್ತು. ಆ ಹೊತ್ತು ಬೇಕಂತಲೇ ಆರಿಸಿದ್ದು. ಹೊರಟವನ ತಲೆಯಲ್ಲಿರುವುದು ಬಂದವನ ತಲೆಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಸಮರಾಭ್ಯಾಸದ ಅಂಪೈರ್‌ಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸರ್ವರ್ ಆಫ್. ಫ್ಯಾನ್ ಸದ್ದು ನಿಂತಾಗ ಟೆಂಟಿನಲ್ಲಿ ಎಂಥ ನಿಶ್ಶಬ್ದ ಅಂದರೆ, ಹೊರಗೆ ಜನರೇಟರ್ ಪಕ್ಕ ಕಾವಲಿನವನು ಕೆಮ್ಮಿದ್ದು ಕೇಳಿಸಿತು.

ಮೊದಲ ಹತ್ತು ನಿಮಿಷ ಎಲ್ಲರೂ ಅದನ್ನು ರಿಪೇರಿ ಮಾಡಲು ನೋಡಿದರು. ಯಾರೂ ಯುದ್ಧದ ಬಗ್ಗೆ ಯೋಚಿಸಲಿಲ್ಲ. ಆಮೇಲೆ ಒಬ್ಬ ಕಾಗದದ ನಕ್ಷೆ ಕೇಳಿದ. ನಕ್ಷೆ ಸ್ಟೋರ್ ಲಾರಿಯ ಟ್ರಂಕಿನಲ್ಲಿತ್ತು. ಟ್ರಂಕಿನ ಬೀಗದ ಕೈ ಮಲಗಿದ್ದವನ ಹತ್ತಿರ ಇತ್ತು. ನಕ್ಷೆ ಬಂತು, ಪೆನ್ಸಿಲ್ ಇರಲಿಲ್ಲ. ಯಾರ ಕಿಸೆಯಲ್ಲೂ ಇರಲಿಲ್ಲ! ಹಳೇ ರೇಡಿಯೋ ಸೆಟ್ ಸರಿ ಇತ್ತು. ಅದರ ಮೇಲೆ ಸಂದೇಶ ಬರೆದು ಓದುವ ಕ್ರಮ ಇಬ್ಬರಿಗೆ ಮಾತ್ರ ಗೊತ್ತಿತ್ತು, ಇಬ್ಬರೂ ನಲವತ್ತು ದಾಟಿದವರು. ಎಲ್ಲಾ ತುಕಡಿಗಳೂ ಎಲ್ಲಿವೆ ಅಂತ ನಕ್ಷೆಯ ಮೇಲೆ ಮತ್ತೆ ಮೂಡಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು.

ಹಳೇ ಅಭ್ಯಾಸ ಹೀಗೆ ತಪ್ಪಿಹೋಗುವುದು ದೊಡ್ಡವರಿಗೂ ಆಗಿದೆ. ಅಮೆರಿಕದ ನೌಕಾ ಅಕಾಡೆಮಿ ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನು ಕಲಿಸುವುದು ನಿಲ್ಲಿಸಿತ್ತು. ಜಿಪಿಎಸ್ ಇರುವಾಗ ಯಾಕೆ, ಅಲ್ವಾ? 2015ರಲ್ಲಿ ಮತ್ತೆ ಕಲಿಸಲು ಶುರು ಮಾಡಿತು.

ನೀವು ಕೀಳಿಸಿದಾಗ ಪುಸ್ತಕ ಹಿಡಿದು ಕೂತು ಸಮಯ ಬರೆಯಿರಿ. ಕಿತ್ತದ್ದು ಎಷ್ಟು ಹೊತ್ತಿಗೆ. ‘ಇದು ಬೇಗ ಬರುವುದಿಲ್ಲ, ಬೇರೆ ದಾರಿ ನೋಡೋಣ’ ಅಂತ ಒಬ್ಬ ಮೊದಲು ಹೇಳಿದ್ದು ಎಷ್ಟು ಹೊತ್ತಿಗೆ, ಹೇಳಿದವನ ಹುದ್ದೆ ಏನು. ಮೊದಲ ಸರಿಯಾದ ಆಜ್ಞೆ ಹೊರಗೆ ಹೋದದ್ದು ಎಷ್ಟು ಹೊತ್ತಿಗೆ. ನನ್ನ ಲೆಕ್ಕದಲ್ಲಿ ನಡುವಿನದೇ ಮುಖ್ಯ. ಕೆಟ್ಟಿದೆ ಅಂತ ಒಪ್ಪಿಕೊಳ್ಳುವುದಕ್ಕೇ ಜನ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ. ಪೂರ್ತಿ ಸತ್ತ ನೆಟ್‌ವರ್ಕ್‌ಗಿಂತ ಅರ್ಧ ಸತ್ತದ್ದು ಇನ್ನೂ ಕಷ್ಟ. ಹೀಗಾಗಿ ಎರಡನೇ ರಾತ್ರಿ ಪೂರ್ತಿ ಕೀಳಬೇಡಿ, ನಿಧಾನ ಮಾಡಿ. ಮೂರನೇ ರಾತ್ರಿ ನಡೆಯುತ್ತಾ ಇರಲಿ, ಆದರೆ ಒಂದೆರಡು ಚುಕ್ಕೆಗಳ ಜಾಗ ತಪ್ಪಾಗಿರಲಿ. ಯಾರು ಗುರುತಿಸುತ್ತಾರೆ ನೋಡಿ.

ನಾಲ್ಕು ತಿಂಗಳು ಬಿಟ್ಟು ನಾವು ಮತ್ತೆ ಕಿತ್ತೆವು. ಈ ಸಲ ನಕ್ಷೆ ಮೂಡಲು ಇಪ್ಪತ್ತೆರಡು ನಿಮಿಷ. ಹೊಸ ಉಪಕರಣ ಏನೂ ಬಂದಿರಲಿಲ್ಲ. ನಕ್ಷೆಯನ್ನು ಟೆಂಟಿನ ಕಂಬಕ್ಕೇ ನೇತುಹಾಕಿದ್ದರು, ಪ್ರತಿ ಗಂಟೆಗೆ ಒಬ್ಬ ಹುಡುಗ ತೆರೆ ನೋಡಿ ಅದರ ಮೇಲೆ ಗುರುತು ತಿದ್ದುತ್ತಿದ್ದ. ಪೆನ್ಸಿಲನ್ನು ಅದೇ ಕಂಬಕ್ಕೆ ಕೇಬಲ್‌ನ ತುಂಡಿನಿಂದ ಕಟ್ಟಿದ್ದರು. ಆ ತುಂಡು ಲಾರಿ ಹತ್ತಿ ಕತ್ತರಿಸಿದ ಕೇಬಲಿನದು ಅಂತ ಲೈನ್‌ಮನ್ ಆಮೇಲೆ ಹೇಳಿದ.